ಗುಂಡಿಗಳ ಕೌಂಟರಿನಲ್ಲಿ ನನ್ನ ಅರ್ಜಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಅದರಲ್ಲಿ ಮೂರು ಕಲಂ: ಅಮ್ಮ, ಅಜ್ಜಿ, ಅಪ್ಪ. ಆಡುವಾಗ ಮಗಳು ಯಾರಿಗೆ ಒಂದು ಸರದಿ ಬಿಟ್ಟುಕೊಡುತ್ತಾಳೋ ಅವರ ಕಲಮಿನಲ್ಲಿ ಒಂದು ಟಿಕ್. ಹದಿನೈದು ದಿನಗಳಲ್ಲಿ ಅಮ್ಮನಿಗೆ ಹನ್ನೊಂದು, ಅಜ್ಜಿಗೆ ಏಳು. ಅಜ್ಜಿಯೆಂದರೆ ನನ್ನ ಅತ್ತೆ. ಅರ್ಧ ಆಟದಲ್ಲೇ ಗೊರಕೆ ಹೊಡೆಯುವ ಆಸಾಮಿ. ಅವರಿಗೂ ಏಳು! ಅಪ್ಪನ ಕಲಂ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ನೀರು ಕುಡಿಯಲು ಫ್ರಿಜ್ಜಿನ ಮುಂದೆ ಹೋದಾಗಲೆಲ್ಲ ನನ್ನ ಮಾನ ಹೋಗುತ್ತಿತ್ತು.

ಮಗಳಿಗೆ ಏಳು ವರ್ಷ. ಆಟಿಸಂ ಇದೆ. (ಇದನ್ನು ಹೇಳಿದ ಕೂಡಲೇ ಜನ ಧ್ವನಿ ತಗ್ಗಿಸಿ "ಅಯ್ಯೋ ಪಾಪ" ಅನ್ನುತ್ತಾರೆ. ಪಾಪ ಅನ್ನಬೇಕಾದದ್ದು ಯಾರನ್ನು ಎಂಬುದನ್ನು ಮುಂದೆ ಓದಿ ತೀರ್ಮಾನಿಸಿ.) ಮಾತು ಕಡಿಮೆ. ಆಡಿದರೂ, ಎಲ್ಲೋ ಕೇಳಿದ ವಾಕ್ಯವನ್ನು ತಿಂಗಳುಗಟ್ಟಲೆ ಜೋಪಾನವಾಗಿಟ್ಟುಕೊಂಡು ಒಂದು ದಿನ ಚಾಚೂ ತಪ್ಪದೆ ಹೊರಗೆ ತೆಗೆಯುತ್ತಾಳೆ. ಕೈಗೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ಜೋಡಿಸುವುದು ಅವಳ ಮುಖ್ಯ ಉದ್ಯೋಗ. ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವುದರಿಂದ ದಾರದ ರೀಲುಗಳಿಗೆ ಬರವಿಲ್ಲ. ಹಾಗಾಗಿ ಮಗಳಿಗೆ ಮನೆಯಲ್ಲಿ ರೀಲುರಾಣಿ ಎಂದೇ ಹೆಸರು.

ಇನ್ನು ನಾನು. ಒಂದು ಕಚೇರಿಯ ಮೂರನೇ ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ. "ಸಾಲಲ್ಲಿ ಬನ್ನಿ!" ಎಂದು ಇಪ್ಪತ್ತು ವರ್ಷದಿಂದ ಗಂಟಲು ಹರಿದುಕೊಂಡರೂ ಒಬ್ಬರೂ ನೆಟ್ಟಗೆ ನಿಂತವರಿಲ್ಲ. ಒಮ್ಮೆ ಹೆಂಡತಿಗೆ ಕೆಲಸ ಹೆಚ್ಚಾಗಿ ಮಗಳನ್ನು ಇಡೀ ದಿನ ಕೌಂಟರಿನೊಳಗೆ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ರಬ್ಬರ್ ಮೊಹರುಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಸಂಜೆಯವರೆಗೆ ತುಟಿ ಪಿಟಕ್ಕೆನ್ನದೆ ಕುಳಿತಿದ್ದಳು. ಎಂಥ ಸಾಧು ಮಗು ಎಂದು ಹೆಮ್ಮೆಪಟ್ಟಿದ್ದೆ.

ಹಾಳೆ ಕೊಟ್ಟದ್ದು ಥೆರಪಿ ಕೇಂದ್ರದ ಆಟದ ಮೇಡಂ. ಕೊಡುವಾಗಲೇ ಹೇಳಿದ್ದರು: "ಅವಳನ್ನ ನಿಮ್ಮ ಆಟಕ್ಕೆ ಎಳೀಬೇಡಿ ಸಾರ್. ನೀವೇ ಅವಳ ಆಟದ ಹತ್ರ ಹೋಗಿ. ಸುಮ್ನೆ ಪಕ್ಕದಲ್ಲಿ ಕೂತು ಕಾಯ್ತಾ ಇರಿ."

ಕಾಯುವುದೇ? ಕಾಯಿಸುವುದು ನನ್ನ ವೃತ್ತಿ. ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೊದಲ ವಾರ ಕುರ್ಚಿ, ಮಂಚ, ದಿಂಬುಗಳನ್ನೆಲ್ಲ ಅಡ್ಡ ಇಟ್ಟು ಒಂದು ಭಾರೀ ಓಟದ ಸ್ಪರ್ಧೆ ಏರ್ಪಡಿಸಿದೆ. ಉದ್ಘಾಟನೆಗೆಂದು ಸೀಟಿ ಊದಿದೆ. ರೀಲುರಾಣಿ ಎರಡೂ ಕಿವಿ ಮುಚ್ಚಿಕೊಂಡು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿದವಳು ಎರಡು ಗಂಟೆ ಹೊರಗೆ ಬರಲಿಲ್ಲ. ಸೀಟಿಯನ್ನು ಅತ್ತೆ ವಶಪಡಿಸಿಕೊಂಡರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಗಳು ನನ್ನನ್ನು ಕಂಡರೆ ಮೇಜಿನ ಕೆಳಗೆ ಹೋಗುವ ಹಾಗಾಯಿತಲ್ಲ ಎಂದು ನಿಜವಾಗಿಯೂ ಸಂಕಟವಾಗಿತ್ತು.

ಆದರೂ ಬುದ್ಧಿ ಬರಬೇಕಲ್ಲ! ಭಾನುವಾರ ಹೊಸ ಐಡಿಯಾ ಹೊಳೆಯಿತು. ಟಬ್ಬಿನ ತುಂಬ ಕಾಳೋ ಮರಳೋ ತುಂಬಿ, ಒಳಗೆ ಆಟಿಕೆ ಬಚ್ಚಿಟ್ಟು, ಮಗುವಿನ ಕೈಯಲ್ಲಿ ಹುಡುಕಿಸಬೇಕು ಎಂದು ಎಲ್ಲೋ ಓದಿದ್ದೆ. ಹೆಂಡತಿ ಯಾರದೋ ಅಳತೆ ತೆಗೆಯಲು ಹೋಗಿದ್ದಳು. ಗೋಡೆಯ ಹಲಗೆಯ ಮೇಲೆ ಅವಳ ಗುಂಡಿಗಳ ಬಾಟಲಿಗಳು ಕಣ್ಣಿಗೆ ಬಿದ್ದವು. ಕೋಟಿನವು, ಅಂಗಿಯವು, ಎರಡು ತೂತಿನವು, ನಾಲ್ಕು ತೂತಿನವು, ಮುತ್ತಿನ ಬಣ್ಣದವು, ಒಟ್ಟು ನಲವತ್ತೆರಡು ಬಾಟಲಿ. ಸ್ನಾನದ ಪ್ಲಾಸ್ಟಿಕ್ ಟಬ್ಬನ್ನು ಅಂಗಡಿಗೆ ಎಳೆದು ತಂದು ನಲವತ್ತೆರಡನ್ನೂ ಅದಕ್ಕೆ ಸುರಿದೆ. ಅಂದವಾಗಿರಲೆಂದು ಎರಡೂ ಕೈ ಹಾಕಿ ಚೆನ್ನಾಗಿ ಕಲಸಿದೆ.

ಅಷ್ಟರಲ್ಲಿ ಹೆಂಡತಿ ಬಂದಳು. ಟಬ್ಬು ನೋಡಿದಳು. ಅಳತೆಪಟ್ಟಿ ಕೈಯಿಂದ ಜಾರಿತು.

"ರೀ! ನಾಳೆ ಬೆಳಿಗ್ಗೆ ಎಂಟು ಕೋಟು ಕೊಡ್ಬೇಕು!"

"ಮಗಳ ಬೆಳವಣಿಗೆಗೆ ಒಳ್ಳೇದು ಅಂತ..."

"ಅವಳು ಬೆಳೀತಾ ಇದಾಳೆ. ನೀವು ಯಾವಾಗ ಬೆಳೆಯೋದು?"

"ಮಾಡಿದ್ದುಣ್ಣೋ ಮಹಾರಾಯ," ಎಂದು ಅತ್ತೆ ಕಣ್ಣು ತೆರೆಯದೆಯೇ ತೀರ್ಪು ಕೊಟ್ಟರು.

ರೀಲುರಾಣಿ ಬಂದು ಟಬ್ಬಿನ ಮುಂದೆ ನಿಂತಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಖಾಲಿ ಬಾಟಲಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟು, ಕುಳಿತು, ಒಂದೊಂದೇ ಗುಂಡಿ ಹೆಕ್ಕಿ ಹಾಕತೊಡಗಿದಳು. ಯಾವ ಗುಂಡಿ ಯಾವ ಬಾಟಲಿಯದೆಂದು ಹೊಲಿಯುವವಳಿಗಿಂತ ಚೆನ್ನಾಗಿ ಅವಳಿಗೇ ಗೊತ್ತು. ನಾನೂ ಪಕ್ಕದಲ್ಲಿ ಕುಳಿತು ಒಂದು ಹಾಕಿದೆ. ತೆಗೆದು ಟಬ್ಬಿಗೆಸೆದಳು. ಇನ್ನೊಂದು ಹಾಕಿದೆ. ಅದನ್ನೂ ಎಸೆದಳು. ಮೂರನೆಯದಕ್ಕೆ ಎದ್ದು, ನನ್ನ ಮಣಿಕಟ್ಟು ಹಿಡಿದು ಬಾಗಿಲ ತನಕ ನಡೆಸಿಕೊಂಡು ಹೋಗಿ ನಿಲ್ಲಿಸಿದಳು. ನನ್ನ ಮುಂದೆ ಹೆಂಡತಿ ಕೋಟು ತೊಡಿಸಿ ನೋಡುವ ಅಳತೆಗೊಂಬೆಯನ್ನು ತಳ್ಳಿಕೊಂಡು ಬಂದು ಇಟ್ಟಳು. ಅದರ ಮುಂದೆ ಅತ್ತೆಯನ್ನು ಎಬ್ಬಿಸಿ ತಂದಳು. ಆಮೇಲೆ ಟಬ್ಬಿನ ಹಿಂದೆ ಹೋಗಿ ಕುಳಿತು ಹೇಳಿದಳು:

"ಸಾಲಲ್ಲಿ ಬನ್ನಿ!"

ನನ್ನದೇ ದನಿ! ಆ ಮೂಗಿನ ರಾಗವೂ ಬಿಟ್ಟಿರಲಿಲ್ಲ.

ಅತ್ತೆ ಕೊಟ್ಟ ಗುಂಡಿ ತಕ್ಷಣ ಸ್ವೀಕಾರವಾಗಿ ಬಾಟಲಿಗೆ ಬಿತ್ತು. ಗೊಂಬೆಯ ಸರದಿಯ ಗುಂಡಿಯನ್ನು ಮಗಳೇ ಎದ್ದು ಬಂದು ಹಾಕಿಕೊಟ್ಟಳು. ನನ್ನ ಸರದಿ ಬಂತು. ಆರಿಸಿ ಆರಿಸಿ ಒಂದು ಕಪ್ಪು ಕೋಟುಗುಂಡಿ ಹಿಡಿದಿದ್ದೆ. ತಪ್ಪಾಗುವ ಹಾಗೇ ಇರಲಿಲ್ಲ. ಮುಂದೆ ಚಾಚಿದೆ. ಅವಳು ಗಡಿಯಾರ ನೋಡಿದಳು.

"ಇವತ್ತಾಗಲ್ಲ. ನಾಳೆ ಬನ್ನಿ."

ಹೆಂಡತಿ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೀಗೇನ್ರೀ ನೀವು ಅಲ್ಲಿ ಜನರ ಹತ್ರ ಮಾತಾಡೋದು?"

ಅವಮಾನವೇನೋ ಆಗಿತ್ತು, ಆದರೆ ಏಳು ವರ್ಷಗಳಲ್ಲಿ ನನ್ನ ಮಗಳು ನನಗೇ ಎಂದು ಹೇಳಿದ ಮೊದಲ ಮಾತು ಅದು. ಅವಳು ಸಂಜೆಯೊಳಗೆ ನಲವತ್ತೆರಡು ಬಾಟಲಿಯನ್ನೂ ತುಂಬಿಟ್ಟಳು, ಕೋಟುಗಳಿಗೆ ಗುಂಡಿ ಸಿಕ್ಕವು.

"ಒಂದು ಟಿಕ್ ಹಾಕು," ಎಂದೆ ಹೆಂಡತಿಗೆ.

"ಗುಂಡಿ ತಗೊಂಡಿಲ್ವಲ್ಲ, ಟಿಕ್ ಹೇಗೆ ಬರುತ್ತೆ?"

ಸೋಮವಾರ ಕಚೇರಿಯಿಂದ ಬಂದವನು ಚಪ್ಪಲಿ ಬಿಟ್ಟು ನೇರ ಸಾಲಿಗೆ ಹೋದೆ. ನಿನ್ನೆ ತುಂಬಿದ ಬಾಟಲಿಗಳಲ್ಲಿ ಒಂದನ್ನು ರೀಲುರಾಣಿ ತಾನೇ ಟಬ್ಬಿಗೆ ಸುರಿದುಕೊಂಡು ಕೌಂಟರು ತೆರೆದು ಕುಳಿತಿದ್ದಳು. ಅಳತೆಗೊಂಬೆಯ ಹಿಂದೆ ನಿಂತೆ. ಕಾಲು ನೋಯುವಷ್ಟು ಹೊತ್ತಾದ ಮೇಲೆ ಸರದಿ ಬಂತು.

"ಫೋಟೋ ಎಲ್ಲಿ?"

ಎಷ್ಟು ಜನರನ್ನು ಈ ಎರಡು ಪದಗಳಿಂದ ಮನೆಗೆ ಕಳಿಸಿದ್ದೇನೋ, ದೇವರೇ ಬಲ್ಲ. ಫೋಟೋ ಹುಡುಕಲು ಹಿಂದಿರುಗಿದೆ.

ಮಂಗಳವಾರ ಪಾಸ್‌ಪೋರ್ಟ್ ಅಳತೆಯ ಫೋಟೋ ಸಮೇತ ಹಾಜರಾದೆ. ಅವಳು ಫೋಟೋ ತೆಗೆದುಕೊಂಡಳು. ತಿರುಗಿಸಿ ಹಿಂಭಾಗ ನೋಡಿದಳು. ಬಾಟಲಿಗಳ ಸಾಲಿನ ಕೊನೆಯಲ್ಲಿ ಅದನ್ನು ಗೋಡೆಗೊರಗಿಸಿ ನಿಲ್ಲಿಸಿದಳು. ಆಮೇಲೆ ಒಂದು ಬಾಟಲಿ ಎತ್ತಿ ನನ್ನ ಕಡೆ ಚಾಚಿದಳು. ನನ್ನ ಕೈಯ ಗುಂಡಿ ಟಣ್ಣೆಂದು ಒಳಗೆ ಬಿತ್ತು. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, ಎದ್ದು ಹೋಗಿ, ಫ್ರಿಜ್ಜಿನ ಹಾಳೆಯಲ್ಲಿ ಅಪ್ಪನ ಕಲಮಿಗೆ ಟಿಕ್ ಹಾಕಿದಳು. ನನ್ನ ಕಣ್ಣು ಒದ್ದೆಯಾಯಿತು.

"ಮುಂದಿನವರು!" ಎಂದಳು ಮಗಳು.

ನನ್ನ ಹಿಂದೆ ಯಾರೂ ಇರಲಿಲ್ಲ. ಟಬ್ಬಿನಿಂದ ಇನ್ನೊಂದು ಗುಂಡಿ ತೆಗೆದುಕೊಂಡು ನಾನೇ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

"ಟಿಕ್ ಬಂತಲ್ಲ, ಊಟಕ್ಕೆ ಬನ್ರೀ," ಹೆಂಡತಿ ಕರೆದಳು.

"ಇರೇ," ಎಂದೆ ಅಳತೆಗೊಂಬೆಯ ಬೆನ್ನು ನೋಡುತ್ತಾ, "ನನ್ನ ಮುಂದೆ ಇನ್ನೂ ಒಬ್ಬರಿದಾರೆ."