ಮೂಲೆ ಕತ್ತರಿಸಿದ ಮಲ್ಲಿಗೆ ಕಾರ್ಡು

ಪೋಸ್ಟ್ ಕಾರ್ಡನ್ನು ಯಾರೂ ಬ್ಲಾಕ್ ಮಾಡಲಾರರು.

ಈ ಜ್ಞಾನೋದಯ ಸಂಗನಬಸವನಿಗೆ ಆದದ್ದು ಯಾವ ಮರದ ಬುಡದಲ್ಲೂ ಅಲ್ಲ, ಸಿಂಧನೂರಿನಲ್ಲಿರುವ ಅವನ ಬೀಜ, ಗೊಬ್ಬರ, ಎಣ್ಣೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ. (ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದಲ್ಲ, ಬೆಳೆಗೆ ಹೊಡೆಯುವುದು.) ಹೊಳೆದದ್ದೇ ತಡ, ಅಂಗಡಿಯನ್ನು ಅರ್ಧ ತಾಸು ಮೊದಲೇ ಮುಚ್ಚಿ ಮನೆಗೆ ಓಡಿ ಬಂದ. ಮಹಾಪುರುಷರಿಗೆಲ್ಲ ಇದೊಂದು ತೊಂದರೆ. ಹೊಳೆದದ್ದನ್ನು ಹೆಂಡತಿಗೆ ಹೇಳದೆ ಇರಲಾಗುವುದಿಲ್ಲ.

"ಭುವನಾ, ಅಕ್ಕಗ ಒಂದು ಹೂವಿನ ಕಾರ್ಡ್ ಕಳಸ್ತೀನಿ. ಫೋನ್ ಬ್ಲಾಕ್ ಮಾಡ್ಯಾಳ, ಖರೆ. ಪೋಸ್ಟ್‌ಮ್ಯಾನನ್ನ ಹೆಂಗ ಬ್ಲಾಕ್ ಮಾಡ್ತಾಳ?"

ಭುವನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾಯಿ ಸಾಕ್ಯಾರಂತ," ಎಂದಳು.

ಲಿಂಗಸುಗೂರಿನ ಅಕ್ಕ ಶಿವಕುಮಾರಿ ತಮ್ಮನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಹೊಲವಲ್ಲ, ಮನೆಯಲ್ಲ, ಒಂದು ದುಂಡುಮಲ್ಲಿಗೆ ಗಿಡ. ಹನ್ನೆರಡು ವರ್ಷ ಸಾಕಿದ ಗಿಡ. ಇಡೀ ಓಣಿಯ ಹೆಣ್ಣುಮಕ್ಕಳ ಜಡೆಗೆ ಅದರದೇ ಹೂವು. ಅಕ್ಕ ಕಾಶಿಗೆ ಹೋಗುವಾಗ ಅದನ್ನು ತಮ್ಮನಿಗೆ ಒಪ್ಪಿಸಿ ಹೋಗಿದ್ದಳು. ಎಲೆಯಲ್ಲಿ ಸಣ್ಣ ಹುಳು ಕಂಡಿತೆಂದು ತಜ್ಞರಾದ ಸಂಗನಬಸವ ತಮ್ಮ ಅಂಗಡಿಯ ಪಂಪು ತಂದು ಔಷಧಿ ಹೊಡೆದರು. ಹಿಂದಿನ ದಿನ ಅದೇ ಪಂಪಿನಲ್ಲಿ ಬದುವಿನ ಮೇಲೆ ಕಸ, ಅಂದರೆ ಕಳೆ, ಸಾಯುವ ಎಣ್ಣೆ ಹೊಡೆದಿದ್ದರು. ಬಂದ ಗಿರಾಕಿಗೆಲ್ಲ "ಪಂಪ್ ತೊಳ್ಕೋರಿ, ತೊಳ್ಕೋರಿ" ಎಂದು ದಿನಕ್ಕೆ ಐವತ್ತು ಸಲ ಹೇಳುವ ಬಾಯಿ ಅದು. ಬಾಯಿ ಹೇಳಿದ್ದನ್ನು ಕೈ ಕೇಳಿರಲಿಲ್ಲ. ಅಕ್ಕ ಗಂಗಾಜಲ ಹಿಡಿದುಕೊಂಡು ಬರುವಷ್ಟರಲ್ಲಿ ಮಲ್ಲಿಗೆ ಕಟ್ಟಿಗೆಯಾಗಿತ್ತು.

"ಕೂಸನ್ನ ಬಿಟ್ಟು ಹೋಗಿದ್ರ ಏನು ಗತಿಲೇ?" ಎಂದು ಕೇಳಿದವಳು ಮತ್ತೆ ಅವನೊಡನೆ ಬಾಯಿ ಬಿಟ್ಟಿರಲಿಲ್ಲ. ಯಾರ ಕೈಯಲ್ಲೋ ಫೋನ್ ಕೊಟ್ಟು ತಮ್ಮನ ನಂಬರನ್ನು ಬ್ಲಾಕ್ ಮಾಡಿಸಿದಳು. ಅದನ್ನು ಬಿಚ್ಚುವುದು ಹೇಗೆಂದು ಈಗ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮೂರು ನಾಗರಪಂಚಮಿ ಹೀಗೇ ಹೋದವು. ಅವ್ವ ತೀರಿಕೊಂಡ ಮೇಲೆ ಅವನಿಗೆ ತಲೆ ಬಾಚಿ ಸಾಲೆಗೆ ಕಳಿಸಿದವಳು ಅಕ್ಕ. ಪಂಚಮಿಗೆ ಅವಳು ತವರಿಗೆ ಬಂದು ಉಂಡಿ ಕಟ್ಟದಿದ್ದರೆ ಸಂಗನಬಸವನಿಗೆ ಶ್ರಾವಣ ಹುಟ್ಟಿದಂತೆಯೇ ಅನ್ನಿಸುತ್ತಿರಲಿಲ್ಲ. ನಾಲ್ಕನೆಯದಕ್ಕೆ ಇನ್ನು ಹದಿನೈದು ದಿನ ಉಳಿದಿತ್ತು.

ಕಾರ್ಡಿನ ಹುಚ್ಚು ಹತ್ತಿಸಿದವನು ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುವ ಗೆಳೆಯ ಆನಂದಕುಮಾರ. ಎಂಟು ತಾಸು ಭೂಮಿಯೊಳಗೆ ಕತ್ತಲೆ ನೋಡುವವನಿಗೆ ಮೇಲೆ ಬಂದಾಗ ಹೂವು ನೋಡಬೇಕು ಅನ್ನಿಸುತ್ತಿತ್ತಂತೆ. ಗಿಡ, ಹೂವುಗಳ ಚಿತ್ರವಿರುವ ಕಾರ್ಡುಗಳನ್ನು ಊರೂರಿನ ಜನರೊಡನೆ ಅದಲುಬದಲು ಮಾಡಿಕೊಳ್ಳುತ್ತಿದ್ದ. ಒಂದು ತಾವರೆಯ ಕಾರ್ಡನ್ನು ಸಂಗನಬಸವನಿಗೂ ಕಳಿಸಿದ. ನಿಯಮ ಒಂದೇ: ಕಾರ್ಡು ಬಂದವರು ಕಾರ್ಡು ಕಳಿಸಲೇಬೇಕು. ಎಂಟು ತಿಂಗಳಲ್ಲಿ ನಲವತ್ತಮೂರು ಕಾರ್ಡು ಕೂಡಿದವು. ಭುವನೇಶ್ವರಿಯ ಶೋಕೇಸಿನಿಂದ ಹಿತ್ತಾಳೆ ನವಿಲು, ಪಿಂಗಾಣಿ ಬಾತುಕೋಳಿ ಎಲ್ಲ ಗಡೀಪಾರಾದವು.

"ಅಲ್ರೀ, ಹೂವಿನ ಪಟ ತಂದು ತಂದು ಇಡ್ತೀರಿ. ಒಂದು ಮೊಳ ಖರೇ ಹೂವು ತರಾಕ ನಿಮಗ ಕೈ ಬರೂದಿಲ್ಲ."

"ಖರೇ ಹೂವು ಸಂಜೀಕ ಬಾಡ್ತಾವ ಭುವನಾ."

"ಬಾಡ್ಲಿ, ಮರುದಿನ ಮತ್ತ ತರ್ರಿ. ನಾ ಬಾಡಿಲ್ಲೇನು ನಿಮ್ಮ ಮನ್ಯಾಗ?"

ಈ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದ ಗಂಡ ಸಿಂಧನೂರು ತಾಲೂಕಿನಲ್ಲಿ ಇಲ್ಲ. ಸಂಗನಬಸವ ಎದ್ದು ಮಲ್ಲಿಗೆ ಕಾರ್ಡು ಹುಡುಕತೊಡಗಿದ.

ನಲವತ್ತಮೂರರಲ್ಲಿ ಒಂದೂ ಮಲ್ಲಿಗೆ ಇರಲಿಲ್ಲ. ಕೊನೆಗೆ ಅಂಗಡಿಗೆ ಯಾವುದೋ ಕಂಪನಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ಏಪ್ರಿಲ್ ತಿಂಗಳಲ್ಲಿ ಸಿಕ್ಕಿತು, ಮುತ್ತಿನಂಥ ದುಂಡುಮಲ್ಲಿಗೆ. ಅಳತೆಗೆ ಕತ್ತರಿಸಿ, ಅಂಚೆ ಕಾರ್ಡಿನ ಮೇಲೆ ಅಂಟಿಸಿ, ದೂರ ಹಿಡಿದು ನೋಡಿದ. ಕೆಳಗಿನ ಮೂಲೆಯಲ್ಲಿ ಒಂದು ಕೆಂಪು ಡಬ್ಬಿಯ ಚಿತ್ರ. ಅದೇ ಕಸ ಸಾಯುವ ಎಣ್ಣೆ! ಕೆಳಗೆ ದಪ್ಪಕ್ಷರದಲ್ಲಿ, "ಬೇರು ಸಮೇತ ಖಲ್ಲಾಸ್".

ಕೀಳಲು ನೋಡಿದರೆ ಹೂವಿನ ಎಸಳೇ ಕಿತ್ತು ಬರತೊಡಗಿತು. ಕತ್ತರಿ ತಂದು ಕಾರ್ಡಿನ ಆ ಮೂಲೆಯನ್ನೇ ಕಚಕ್ಕೆಂದು ಹಾರಿಸಿದ. ಹಾರಿದ ತುಂಡನ್ನೂ ಬಿಸಾಡಲಿಲ್ಲ, ಮೇಜಿನ ಡ್ರಾದಲ್ಲಿ ಹಾಕಿಟ್ಟ. (ಸಂಗ್ರಹಕಾರರ ಜಾತಿಯೇ ಹಾಗೆ.) ಹಿಂದುಗಡೆ ಅಕ್ಕನ ವಿಳಾಸ, "ಸಿಂಧನೂರಿನಿಂದ" ಎಂದು ಸ್ಕೆಚ್ ಪೆನ್ನಿನಲ್ಲಿ ಅಂಗಡಿಯ ಬೋರ್ಡಿನಷ್ಟು ದೊಡ್ಡದಾಗಿ. ಉಳಿದ ಜಾಗದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ, "ಅಕ್ಕಾ, ಈ ಮಲ್ಲಿಗಿನ್ನ ಯಾರೂ ಒಣಗಿಸಾಕ ಆಗೂದಿಲ್ಲ, ನಾನೂ ಸಹಿತ. ಪಂಚಮಿಗೆ ಬಾ. ಬರದಿದ್ರ ಒಂದು ಹೂವಿನ ಕಾರ್ಡರ ಕಳಸು."

ಬರೆಯುವಾಗ ಕಣ್ಣು ತುಂಬಿ ಬಂತು. ಕಾರ್ಡು ಅಂಚೆ ಡಬ್ಬಿಗೆ ಬಿತ್ತು.

ನಾಲ್ಕನೆಯ ದಿನ ರವಿವಾರ. ಭುವನೇಶ್ವರಿ ದಢೇಸುಗೂರಿನಲ್ಲಿ ಚಿಕ್ಕಪ್ಪನ ಮಗಳ ಕುಬುಸಕ್ಕೆಂದು (ಅಂದರೆ ಸೀಮಂತಕ್ಕೆ) ಬೆಳಿಗ್ಗೆಯೇ ಹೋಗಿದ್ದಳು. ಮಧ್ಯಾಹ್ನ ಒಂದರ ಸುಮಾರಿಗೆ ಮನೆಯ ಮುಂದೆ ಒಂದು ಕ್ರೂಸರ್ ಗಾಡಿ ನಿಂತಿತು. ಅದರಿಂದ ಇಳಿದವಳು ಅಕ್ಕ. ಸೆರಗು ನೆಲದ ಮೇಲೆ ಎಳೆದಾಡುತ್ತಿದೆ, ಕಣ್ಣು ಕೆಂಪಾಗಿವೆ.

"ಯಪ್ಪಾ ತಮ್ಮಾ!" ಎಂದವಳೇ ಓಡಿ ಬಂದು ಅವನನ್ನು ತಬ್ಬಿಕೊಂಡು ಗೋಳೋ ಎಂದಳು.

ಸಂಗನಬಸವನಿಗೆ ಸ್ವರ್ಗ ಮೂರೇ ಗೇಣು. ಒಂದು ಕಾರ್ಡಿಗೆ ಇಷ್ಟು ಶಕ್ತಿಯೇ! ಅವನೂ ಗೋಳೋ ಎಂದ.

"ಕಾರ್ಡ್ ಮುಟ್ಟಿತೇನಕ್ಕಾ?"

"ನಿನ್ನಿ ಸಂಜೀಕ ಮುಟ್ಟಿತೋ ಯಪ್ಪಾ. ನೋಡಿದ ಕೂಡ್ಲೇ ಕೈಕಾಲಾಗಿನ ಶಕ್ತಿನೇ ಹೋತು."

"ನನಗೂ ಅಂಟಿಸೋ ಮುಂದ ಹಂಗೇ ಆತಕ್ಕಾ."

ಹಿಂದಿನಿಂದ ಅಕ್ಕನ ಗಂಡ ಆದೆಪ್ಪ ತಲೆಗೆ ಟವೆಲು ಹಾಕಿಕೊಂಡು ಬಂದು ಭುಜದ ಮೇಲೆ ಕೈ ಇಟ್ಟ. "ಧೈರ್ಯ ತಗೋ ಸಂಗಣ್ಣ. ನಮ್ಮ ಕೈಯಾಗ ಏನೈತಿ?"

ಧೈರ್ಯ ಯಾಕೆ? ಸಂಗನಬಸವನ ಅಳು ಅರ್ಧಕ್ಕೇ ನಿಂತಿತು. ಮಸ್ಕಿಯಲ್ಲಿ ಹತ್ತಿಸಿಕೊಂಡು ಬಂದ ಇಬ್ಬರು ಬೀಗರ ಹೆಂಗಸರು ಕಟ್ಟೆಯ ಮೇಲೆ ಕೂತು ರಾಗ ತೆಗೆಯುತ್ತಿದ್ದರು. ಅವರಿಗಂತೂ ಅವನು ಕಾರ್ಡು ಕಳಿಸಿರಲಿಲ್ಲ. ಆದೆಪ್ಪನ ಕೈಯಲ್ಲಿ ಚೆಂಡುಹೂವಿನ ಒಂದು ದಪ್ಪ ಮಾಲೆ. ಯಾರೋ ಸತ್ತಿದ್ದಾರೆ, ಅಷ್ಟು ಖಾತ್ರಿ. ಯಾರು? ಇಷ್ಟು ಜನ ಅಳುತ್ತಿರುವಾಗ "ಸತ್ತವರು ಯಾರ್ರೀ?" ಎಂದು ಕೇಳುವುದು ಹೇಗೆ? ತನಗೆ ಮೊದಲೇ ಗೊತ್ತಿರಬೇಕೆಂದೇ ಅವರ ಎಣಿಕೆ ಇದ್ದಂತಿತ್ತು. ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದ. ಅಕ್ಕ ಇದ್ದಾಳೆ, ಮಾವ ಇದ್ದಾನೆ. ಎಲ್ಲಿಗೆ ಹೊರಟರೂ ಎಲ್ಲರಿಗಿಂತ ಮೊದಲು ಗಾಡಿ ಹತ್ತುವ ಆದೆಪ್ಪನ ತಾಯಿ, ಎಂಬತ್ತೆಂಟರ ಶೇಖರಮ್ಮ, ಕಾಣುತ್ತಿಲ್ಲ.

ಅಯ್ಯೋ, ಮುದುಕಿ ಹೋದಳು! ಆದರೆ ಅಲ್ಲಿ ಸತ್ತವಳ ಮಾಲೆಯನ್ನು ಐವತ್ತು ಕಿಲೋಮೀಟರು ದೂರದ ಇಲ್ಲಿಗೆ ಯಾಕೆ ತಂದರು? ಆದರೂ ಮರ್ಯಾದೆಗೆ ಎರಡು ಮಾತು ಆಡಬೇಕಲ್ಲ.

"ದೊಡ್ಡ ಜೀವ ಮಾವಾ. ತುಂಬಿದ ಬಾಳುವಿ," ಎಂದ.

"ದೊಡ್ಡ ಜೀವ? ಇನ್ನೂ ನಲವತ್ತು ತುಂಬಿರಲಿಲ್ಲಲ್ಲೋ," ಎಂದು ಆದೆಪ್ಪ ಕಣ್ಣೊರೆಸಿಕೊಂಡ.

ನಲವತ್ತೇ? ದುಃಖದಲ್ಲಿ ಮಾವನಿಗೆ ಲೆಕ್ಕ ತಪ್ಪಿದೆ ಎಂದುಕೊಂಡು ಸಂಗನಬಸವ ಮುಂದುವರಿದ. "ಬಾಯಿ ಒಂದು ಜರಾ ಜೋರಿತ್ತು, ಖರೆ. ಮನಸ್ಸು ಮಾತ್ರ ಬೆಣ್ಣಿ."

"ಬಾಯಿ ಜೋರಿತ್ತು ಬಿಡು," ಎಂದು ಆದೆಪ್ಪ ತುಂಬುಹೃದಯದಿಂದ ಒಪ್ಪಿಕೊಂಡ.

"ಯಾರ ಬಾಯಿಲೇ ಜೋರು?" ಎಂಬ ಗರ್ಜನೆ ಕ್ರೂಸರಿನ ಮುಂದಿನ ಸೀಟಿನಿಂದ ಬಂತು. "ಎಲ್ಲಾರೂ ಇಳದು ಅಳಾಕ ನಿಂತ್ರಿ, ನನ್ನ ಇಳಸೋರು ಯಾರು?"

ಡ್ರೈವರ್ ತಾಯಪ್ಪ ಶೇಖರಮ್ಮನನ್ನು ಕೈ ಹಿಡಿದು ಇಳಿಸಿದ. ಮುದುಕಿ ಮೊಣಕಾಲು ಹಿಡಿದುಕೊಂಡು ಬಂದು ನೇರವಾಗಿ ಕೇಳಿದಳು, "ಎಲ್ಲಿ ಕುಂದ್ರಿಸೀರಿ ಆಕಿನ್ನ?" (ಈ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ.)

"ಯಾರ್ನ ಅತ್ತಿ?"

"ನಿನ್ನ ಹೆಂಡ್ತಿನ್ನ. ಮತ್ಯಾರ್ನ? ಕಾರ್ಡ್ ಮ್ಯಾಲಿನ ಅಕ್ಷರ ನಿಂದು, ಆಕಿ ಫೋನೂ ಹತ್ತವಲ್ದು."

ಅಷ್ಟರಲ್ಲಿ ಮನೆಯ ಮುಂದೆ ಆಟೋ ಬಂದು ನಿಂತಿತು. ಮೈತುಂಬ ಜರಿ ಸೀರೆ, ಕೈತುಂಬ ಹಸಿರು ಬಳೆ, ತಲೆತುಂಬ ಹೂವು, ಕಂಕುಳಲ್ಲಿ ಕುಬುಸದ ಹೋಳಿಗೆಯ ಡಬ್ಬಿ: ಭುವನೇಶ್ವರಿ. ಬೀಗರ ಹೆಂಗಸರು ಕಿಟಾರನೆ ಕಿರುಚಿ ಒಬ್ಬರ ಹಿಂದೆ ಒಬ್ಬರು ಅಡಗಿದರು. ಭುವನೇಶ್ವರಿಗೆ ಕಂಡದ್ದು ಮೂರು ವರ್ಷದ ಮೇಲೆ ಮನೆಗೆ ಬಂದ ಗಂಡನ ಅಕ್ಕ ಮತ್ತು ಆದೆಪ್ಪನ ಕೈಯ ಮಾಲೆ.

"ಅಯ್ಯ, ನನಗ್ಯಾಕ್ರೀ ಅಣ್ಣಾರ ಮಾಲಿ? ನಾವು ನಿಮಗ ಹಾಕಬೇಕು," ಎಂದು ನಾಚಿಕೊಂಡೇ ಕೊರಳು ಮುಂದೆ ಮಾಡಿದಳು.

ಆದೆಪ್ಪ ಮಾಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಗೊಂದಲ ಬಿಡಿಸಿದವಳು ಶೇಖರಮ್ಮ. "ಅಲ್ಲಲೇ ಶಾಣ್ಯಾ, ಮೂಲಿ ಕತ್ತರಿಸಿದ ಕಾರ್ಡ್ ಕಳಿಸಿದಿ. ಮೂಲಿ ಇಲ್ಲದ ಕಾರ್ಡ್ ಅಂದ್ರ ಸಾವಿನ ಸುದ್ದಿ, ಗೊತ್ತಿಲ್ಲೇನು? ಹೊಸ್ತಲ ದಾಟಿಸಬಾರದು. ಹೊರಗೇ ಹರದು ಗಟಾರಕ್ಕ ಹಾಕಿ ಜಳಕ ಮಾಡಬೇಕು. ನಿಮ್ಮಪ್ಪ ಹೇಳಿಲ್ಲೇನು?"

ಅಪ್ಪ ಹೇಳಿರಲಿಲ್ಲ. ಆದರೆ ಆರು ವರ್ಷದವನಿದ್ದಾಗ ಅಪ್ಪ ಕಟ್ಟೆಯ ಮೇಲೆ ನಿಂತು ಒಂದು ಕಾರ್ಡು ಹರಿದದ್ದು, "ಯಾರ್ದಪ್ಪ?" ಎಂದು ಮುಟ್ಟಲು ಹೋದದ್ದಕ್ಕೆ ಬೆನ್ನಿಗೆ ಗುದ್ದು ಬಿದ್ದದ್ದು ಈಗ ಥಟ್ಟನೆ ನೆನಪಾಯಿತು. ನಲವತ್ತು ವರ್ಷದ ಹಿಂದಿನ ಗುದ್ದು ಈಗ ಅರ್ಥವಾಯಿತು.

"ಬರದಿದ್ದು ಓದಲಿಲ್ಲೇನು ಮಾವಾ?"

"ಹೆಂಗ ಓದ್ಲಿ? ಊರ ಹೆಸರು ದೊಡ್ಡದಿತ್ತು, ಕಾಣಿಸ್ತು. ಉಳಿದಿದ್ದಕ್ಕ ಕನ್ನಡಕ ಬೇಕು. ಕನ್ನಡಕ ಮನಿ ಒಳಗ. ಆ ಕಾರ್ಡ್ ಹಿಡ್ಕೊಂಡು ಒಳಗ ಹೋಗೋ ಹಂಗಿಲ್ಲ," ಎಂದ ಆದೆಪ್ಪ. ಈ ವಾದದಲ್ಲಿ ಯಾವ ವಕೀಲನಿಗೂ ತಪ್ಪು ಸಿಗುತ್ತಿರಲಿಲ್ಲ.

ಅಕ್ಕ ಅಷ್ಟರಲ್ಲಿ ಭುವನೇಶ್ವರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಅಳುತ್ತಲೇ ನಕ್ಕಳು. ತಮ್ಮನ ಕಡೆ ತಿರುಗಿ, "ಹುಚ್ಚಪ್ಪಾ, ಮೂಲಿ ಯಾಕ ಕತ್ತರಿಸಿದ್ಯೋ?" ಎಂದಳು. ಮೂರು ವರ್ಷದ ಸಿಟ್ಟು ದಾರಿಯ ಅಳುವಿನಲ್ಲೇ ಕರಗಿ ಹೋದಂತಿತ್ತು. ಆಗ ಆ ಪುಣ್ಯಾತ್ಮ "ಇಲಿ ಕಡಿದೈತಿ" ಎಂದಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಆದರೆ ತಾನು ನಿರಪರಾಧಿ ಎಂದು ಸಾಬೀತು ಮಾಡುವ ಹುಮ್ಮಸ್ಸು ನೋಡಿ! ಒಳಗೆ ಓಡಿಹೋಗಿ ಡ್ರಾದಿಂದ ಆ ತುಂಡನ್ನು ತಂದು ಅಕ್ಕನ ಅಂಗೈಯಲ್ಲಿಟ್ಟ.

"ಇದರ ಸಲುವಾಗಿ ನೋಡಕ್ಕಾ, ಸಾವಿಗಲ್ಲ!"

ಅಕ್ಕ ಕೆಂಪು ಡಬ್ಬಿಯನ್ನು ನೋಡಿದಳು. ಒಂದೊಂದೇ ಪದ ಓದಿದಳು. "ಬೇರು... ಸಮೇತ... ಖಲ್ಲಾಸ್."

ತುಂಡನ್ನು ತಮ್ಮನ ಮೂಗಿನ ಮುಂದೆ ಹಿಡಿದಳು.

"ನನ್ನ ಗಿಡ ಕೊಂದ ಎಣ್ಣಿ ಪಟದಾಗಿನ ಮಲ್ಲಿಗಿ ನನಗ ಕಳಿಸಿದೇನಲೇ!"

ಅಕ್ಕ ಆಗಲೇ ಕ್ರೂಸರ್ ಹತ್ತುತ್ತಿದ್ದಳು. ಶೇಖರಮ್ಮ ಹೋಳಿಗೆಯ ಡಬ್ಬಿ ನೋಡಿಬಿಟ್ಟಿದ್ದರಿಂದ ಊಟ ಮುಗಿಯುವ ತನಕ ಇರಬೇಕಾಯಿತು. ಊಟದುದ್ದಕ್ಕೂ ತಮ್ಮ ಎದುರಿಗೇ ಕೂತಿದ್ದರೂ ಅಕ್ಕ, "ಭುವನಾ, ನಿನ್ನ ಗಂಡಗ ಹೇಳು, ಉಪ್ಪಿನಕಾಯಿ ಈ ಕಡೆ ಸರಸು ಅಂತ," ಎಂದೇ ಮಾತಾಡಿದಳು. ಗಾಡಿ ಹೋಯಿತು. ಚೆಂಡುಹೂವಿನ ಮಾಲೆ ಏನು ಮಾಡಬೇಕೆಂದು ತಿಳಿಯದೆ ಬೇವಿನ ಗಿಡದ ಟೊಂಗೆಗೆ ಹಾಕಿದರು.

"ಬೇರು ಸಮೇತ ಮಾಡಿದ್ರಿ ನೋಡ್ರಿ ಕೆಲಸ," ಎಂದಳು ಭುವನೇಶ್ವರಿ.

ಸಂಗನಬಸವ ಶೋಕೇಸ್ ಖಾಲಿ ಮಾಡಿದ. ನವಿಲು, ಬಾತುಕೋಳಿ ಮರಳಿ ಬಂದವು. ಅವನಿಗೆ ಯಾವ ಹೂವೂ ಬೇಡವಾಗಿತ್ತು.

ಪಂಚಮಿಗೆ ಎರಡು ದಿನ ಇರುವಾಗ ಪೋಸ್ಟ್‌ಮ್ಯಾನ್ ಅಂಬಪ್ಪ ಬಂದ. ಒಳಗೆ ಬರಲಿಲ್ಲ. ಕಂಪೌಂಡ್ ಗೋಡೆಯ ಮೇಲೆ ಒಂದು ಕಾರ್ಡು ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಮುಗಿದ. "ಸರ್, ಮನಸ್ಸು ಗಟ್ಟಿ ಮಾಡ್ಕೋರಿ," ಎಂದು ಸೈಕಲ್ ಹತ್ತಿದ.

ಕಾರ್ಡಿನ ನಾಲ್ಕೂ ಮೂಲೆ ಕತ್ತರಿಸಿದ್ದವು. ನಡುವೆ ಊದಿನಕಡ್ಡಿ ಪೊಟ್ಟಣದಿಂದ ಕತ್ತರಿಸಿ ಅಂಟಿಸಿದ ಮಲ್ಲಿಗೆ. ಹಿಂದೆ ಅಕ್ಕನ ಅಕ್ಷರ.

"ಯಾರೂ ಸತ್ತಿಲ್ಲ. ನಿನಗ ಹೆಂಗ ಆಗ್ತೈತಿ ನೋಡೂಣು ಅಂತ ಕತ್ತರಿಸೀನಿ. ಗಿಡ ಎರಡು ವರ್ಷದ ಹಿಂದೇ ಬೇರಿಂದ ಚಿಗತೈತಿ. ನಿನಗ ಹೇಳಿದ್ರ ನನ್ನ ಸಿಟ್ಟಿಗೇನು ಕಿಮ್ಮತ್ತು ಅಂತ ಹೇಳಿರಲಿಲ್ಲ. ಪಂಚಮಿಗೆ ಬರ್ತೀನಿ. ನೀ ನಮ್ಮ ಹಿತ್ತಲಕ್ಕ ಮಾತ್ರ ಬರಬ್ಯಾಡ."

ಎರಡು ವರ್ಷ! ಚಿಗುರಿದ ಗಿಡಕ್ಕೆ ಎರಡು ವರ್ಷ ಪಶ್ಚಾತ್ತಾಪ ಪಟ್ಟಿದ್ದ! ಸಂಗನಬಸವ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದ. ನಲವತ್ತನಾಲ್ಕನೆಯ ಕಾರ್ಡು, ಮೊದಲ ಮಲ್ಲಿಗೆ. ಎತ್ತಿಕೊಂಡು ಒಳಗೆ ಹೊರಟರೆ ಬಾಗಿಲಲ್ಲಿ ಭುವನೇಶ್ವರಿ.

"ಒಳಗ ತರಬ್ಯಾಡ್ರಿ ಅದನ್ನ. ಒಂದಲ್ಲ ಎರಡಲ್ಲ, ನಾಲ್ಕು ಮೂಲಿ! ಮುಟ್ಟೀರಿ, ಮೊದ್ಲು ಜಳಕ ಮಾಡ್ರಿ."

ಕಾರ್ಡು ಗೋಡೆಯ ಮೇಲೆ ಕಲ್ಲಿನಡಿಯಲ್ಲೇ ಉಳಿಯಿತು. ಮನಸ್ಸು ತಡೆಯದೆ ಎರಡು ದಿನದಲ್ಲಿ ಒಂಬತ್ತು ಸಲ ಹೋಗಿ ನೋಡಿದ. ಒಂಬತ್ತು ಸಲ ತಣ್ಣೀರು ಸುರಿದುಕೊಂಡ.

ಪಂಚಮಿಯ ಬೆಳಿಗ್ಗೆ ಅಕ್ಕ ಉಂಡಿಯ ಡಬ್ಬಿ ಹಿಡಿದು ಇಳಿದಾಗ ಸಂಗನಬಸವನಿಗೆ ಮೂಗು ಕಟ್ಟಿ ಸೀನಿನ ಮೇಲೆ ಸೀನು ಬರುತ್ತಿತ್ತು. ಅಕ್ಕನ ಕಣ್ಣು ಗೋಡೆಯ ಮೇಲೆ ಬಿತ್ತು.

"ಹಬ್ಬದ ದಿನ ಇಂಥಾ ಕಾರ್ಡ್ ಮನಿ ಮುಂದ ಇಟ್ಕೋತಾರೇನೋ, ಬುದ್ಧಿಗೇಡಿ?"

ಅವನು ಓಡಿ ಬರುವಷ್ಟರಲ್ಲಿ ಕಾರ್ಡು ಎರಡಾಗಿ, ನಾಲ್ಕಾಗಿ, ಗಟಾರದಲ್ಲಿ ತೇಲುತ್ತಿತ್ತು.

"ನೀನೇ ಕಳಿಸಿದ್ದಲ್ಲಕ್ಕಾ ಅದು! ನನ್ನ ಮಲ್ಲಿಗಿ!"

"ಕಳಿಸಿದಾಕಿ ನಾನೇ ಬಂದು ನಿಂತೀನಲ್ಲ, ಇನ್ನ ಕಾರ್ಡ್ ಯಾಕ?" ಎಂದಳು ಅಕ್ಕ. "ಹೋಗು, ಕೈಗೆ ನೀರು ಕೊಡು."

ಮೂರು ವರ್ಷದ ಮೇಲೆ ಅವನಿಗೇ ನೇರವಾಗಿ ಹೇಳಿದ ಕೆಲಸ ಅದು. ಸಂಗನಬಸವ ಸೀನುತ್ತ ತಂಬಿಗೆ ತರಲು ಓಡಿದ.