ಪರದೇಶದ ಚರ್ಚಿನ ಬಾಗಿಲಲ್ಲಿ ಬಿಟ್ಟ ಬೂಟು

ಉಪದೇಶ ಮಾಡುವವನ ಕಾಲ್ಚೀಲದಲ್ಲಿ ತೂತಿರಬಾರದು. ಇದನ್ನು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಸ್ಕಾಟ್ಲೆಂಡಿನವರೆಗೆ ಹೋಗಿ ನಾನೇ ಕಲಿತು ಬಂದದ್ದು. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಈ ಮಾತನ್ನು ಆದಷ್ಟು ಬೇಗ ಹೇಳಿ ಮುಗಿಸದಿದ್ದರೆ ನನಗೆ ಮುಂದಿನದು ತೋಚುವುದಿಲ್ಲ, ಕ್ಷಮಿಸಬೇಕು. ಬೀದರಿನ ಗೌಂಡಿಯ ಮಗ. ಬೀದಿದೀಪದ ಕೆಳಗೆ ಓದಿದೆ ಎಂದು ಬಡಾಯಿ ಕೊಚ್ಚುವಂತಿಲ್ಲ, ನಮ್ಮ ಬೀದಿಯಲ್ಲಿ ದೀಪವೇ ಇರಲಿಲ್ಲ. ಅಪ್ಪ ಕಟ್ಟುತ್ತಿದ್ದ ಅರ್ಧಂಬರ್ಧ ಮನೆಗಳ ಕಟ್ಟೆಯ ಮೇಲೆ, ಸಂಜೆ ಬೆಳಕಿರುವಷ್ಟು ಹೊತ್ತು ಓದಿ ಬಿ.ಕಾಂ. ಮುಗಿಸಿದೆ. ಬ್ಯಾಂಕಿನ ಸಂದರ್ಶನಕ್ಕೆ ಹೊರಟ ದಿನ ಅಪ್ಪ ಕಾಗದದಲ್ಲಿ ಸುತ್ತಿದ ಒಂದು ಜೊತೆ ಕಪ್ಪು ಬೂಟು ತಂದು ಮುಂದಿಟ್ಟು, 'ತಗೋ' ಅಂದ. ಒಂದು ಅಳತೆ ದೊಡ್ಡವು. ಇಪ್ಪತ್ಮೂರು ವರ್ಷದ ಮಗ ಇನ್ನೂ ಬೆಳೆಯುತ್ತಾನೆಂಬ ನಂಬಿಕೆ ಇರಬೇಕು ಎಂದುಕೊಂಡು ಮುಂಭಾಗಕ್ಕೆ ಹತ್ತಿ ತುರುಕಿ ಹಾಕಿಕೊಂಡೆ. ಕೆಲಸ ಸಿಕ್ಕಿತು. ಅಂದಿನಿಂದ ಮದುವೆ, ಬಡ್ತಿ, ಮಗಳ ನಾಮಕರಣ, ಎಲ್ಲಕ್ಕೂ ಅವೇ. ಮೂರು ಸಲ ಅಟ್ಟೆ ಬದಲಾಗಿದೆ, ಬೂಟು ಬದಲಾಗಿಲ್ಲ.

ವರ್ಗಾವಣೆಯ ಮೇಲೆ ಮೂರು ವರ್ಷ ವಿಜಯವಾಡದಲ್ಲಿದ್ದು ಈಗ ವಿಶಾಖಪಟ್ಟಣದಲ್ಲಿದ್ದೇನೆ, ಅಲ್ಲಿನ ಮಧುರವಾಡ ಬಡಾವಣೆಯಲ್ಲಿ ಮನೆ. ನಾವು ಭಾನುವಾರ ಹೋಗುವ ತೆಲುಗು ಕ್ರೈಸ್ತ ಸಭೆಗೂ ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನ ಸಭೆಗೂ ಹಳೆಯ ಸ್ನೇಹ. ಅವರಿಗಾಗಿ ನಾವು, ನಮಗಾಗಿ ಅವರು ಪ್ರಾರ್ಥಿಸುವುದು ರೂಢಿ. ಹೋದ ವರ್ಷ ಅವರು ನಮ್ಮಲ್ಲಿ ಹತ್ತು ಮಂದಿಯನ್ನು ಕರೆದರು. ಆ ಹತ್ತರಲ್ಲಿ ನನ್ನನ್ನು ಸೇರಿಸಿದ್ದು ಭಕ್ತಿಗಾಗಿ ಅಲ್ಲ, ಅನುವಾದಕ್ಕಾಗಿ. ಪಾಸ್ಟರ್ ಗಾರು ತೆಲುಗಿನಲ್ಲಿ ಹೇಳಿದ್ದನ್ನು ಕೇಳಿ, ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅವರು ಎರಡು ವಾಕ್ಯ ಮುಂದೆ ಹೋಗಿರುತ್ತಾರೆ. ಆ ಎರಡನ್ನು ನಾನು ಸ್ವಂತದಿಂದ ಭರ್ತಿ ಮಾಡುತ್ತೇನೆ. ಕೇಳುವವರಿಗೆ ನನ್ನ ಭರ್ತಿಯೇ ಹೆಚ್ಚು ಹಿಡಿಸುತ್ತದೆ ಎಂಬ ಗುಮಾನಿಯೂ ನನಗಿದೆ.

ಹೊರಡುವ ಮೊದಲು ನಮ್ಮ ಮನೆಯ ಹಾಲಿನಲ್ಲಿ ನಾಲ್ಕು ವಾರ ಶಿಷ್ಟಾಚಾರದ ತರಗತಿ ನಡೆಸಿದೆ. ನಾನೂ ಅದುವರೆಗೆ ಸಮುದ್ರ ದಾಟಿದವನಲ್ಲ, ಆದರೆ ಪದವೀಧರ. ಚಾಕು ಯಾವ ಕೈಯಲ್ಲಿ, ಮುಳ್ಳು ಚಮಚ ಯಾವ ಕೈಯಲ್ಲಿ, ಸೀನು ಬಂದರೆ ಏನು ಹೇಳಬೇಕು, ಎಲ್ಲ ಹೇಳಿಕೊಟ್ಟೆ. ಅಲ್ಲಿ ಚರ್ಚಿನೊಳಗೆ ಬೂಟು ಬಿಚ್ಚುವ ಪದ್ಧತಿ ಇಲ್ಲ, ಹಾಕಿಕೊಂಡೇ ಹೋಗಬೇಕು ಎಂದಾಗ ಮಾತ್ರ ಸುಂದರಮ್ಮ ಆಂಟಿ ತಲೆಯೆತ್ತಿದರು. ನಿವೃತ್ತ ನರ್ಸು, ನಲವತ್ತು ವರ್ಷ ವೈದ್ಯರನ್ನೇ ತಿದ್ದಿದ ಕೈ. ದೇವರ ಮನೆ ಯಾವ ದೇಶದಲ್ಲಿದ್ದರೂ ದೇವರ ಮನೆಯೇ ಅಲ್ಲವೇ ಬಾಬು, ಎಂದು ಕೇಳಿದರು. ಅದನ್ನು ಬಿಡಿಸಿ ಹೇಳುವುದೇ ತರಗತಿಯ ಐದನೇ ವಾರದ ವಿಷಯ ಎಂದೆ. ಐದನೇ ವಾರ ಯಾರೂ ಬರಲಿಲ್ಲ. ನನ್ನ ಹೆಂಡತಿ ಸುಲೋಚನಾ ಅಡುಗೆಮನೆಯಿಂದಲೇ ಹೇಳಿದಳು: "ಮಂದಿಗಿ ಪಾಠ ಹೇಳೋದು ಸಾಕು ಮಾಡ್ರಿ. ನಿಮ್ಮ ಕಾಲ್ಚೀಲಕ್ಕ ತೂತು ಬಿದ್ದದ, ಅದು ನೋಡ್ಕೋರಿ ಮೊದಲ." ಬೂಟಿನೊಳಗಿನ ತೂತನ್ನು ಯಾರು ನೋಡುತ್ತಾರೆ ಎಂದು ನಾನು ನಕ್ಕೆ.

ಬೀಳ್ಕೊಡುಗೆಯ ಪ್ರಾರ್ಥನೆ ನಮ್ಮ ಮೂಲ ಸಭೆಯಾದ ವಿಜಯವಾಡದ ಸಭೆಯಲ್ಲಿತ್ತಾದ್ದರಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ, ಆ ಊರಿನ ಗನ್ನವರಂ ನಿಲ್ದಾಣದಿಂದ ವಿಮಾನ ಹತ್ತಿದೆವು. ಹತ್ತು ಜನರನ್ನು ಕಳಿಸಲು ಎಪ್ಪತ್ತು ಜನ ಬಂದಿದ್ದರು. ದಾರಿಯುದ್ದಕ್ಕೂ ಕಣ್ಣಿಗೆ ಬಿದ್ದ ಪ್ರತಿ ಇಂಗ್ಲಿಷ್ ಫಲಕವನ್ನೂ ನಾನು ಗಟ್ಟಿಯಾಗಿ ಓದಿ ಅರ್ಥ ಹೇಳಿದೆ. ಶೌಚಾಲಯ ಎಲ್ಲಿದೆ ಎಂಬುದಷ್ಟೇ ಅಲ್ಲ, ಅದರ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂಬುದನ್ನೂ ನನ್ನಿಂದಲೇ ತಿಳಿಯಬೇಕಿತ್ತು.

ಅಲ್ಲಿ ನಮ್ಮನ್ನು ನೋಡಿಕೊಂಡವರು ಮಾರ್ಗರೆಟ್ ಎಂಬ ಎಪ್ಪತ್ತರ ಹಿರಿಯೆ. ಭಾನುವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಅವರ ಹಿಂದೆ ಚರ್ಚು ಮುಟ್ಟಿದೆವು. ಅವರು ಒಳಗೆ ಹೋದರು. ಸುಂದರಮ್ಮ ಆಂಟಿ ಬಾಗಿಲ ಪಡಸಾಲೆಯಲ್ಲಿ ನಿಂತು, ನನ್ನ ಕಡೆ ಒಮ್ಮೆ ನೋಡಿ, ಚಪ್ಪಲಿ ಬಿಟ್ಟರು. ಪಾಸ್ಟರ್ ಗಾರು ಬೂಟು ಬಿಚ್ಚಿದರು. ಉಳಿದವರೂ ಬಿಚ್ಚಿದರು. ಬರಿಗಾಲಿನ ಪಾಸ್ಟರ್ ಪಕ್ಕದಲ್ಲಿ ಬೂಟುಗಾಲಿನ ಅನುವಾದಕ ನಿಂತರೆ ಚೆನ್ನಾಗಿರುವುದಿಲ್ಲವೆಂದು ಕೊನೆಗೆ ನಾನೂ ಬಿಚ್ಚಿದೆ. ಅಲ್ಲೊಂದು ಮೇಜು, ಮಳೆ ತಾಗದಿರಲಿ ಎಂದು ಅದರ ಕೆಳಗೆ ಹತ್ತೂ ಜೊತೆಯನ್ನು ಸಾಲಾಗಿ ಜೋಡಿಸಿದೆವು. ಮೇಜಿನ ಮೇಲೆ ಏನೋ ಒಂದು ಫಲಕವಿತ್ತು. ಇಡೀ ಪ್ರವಾಸದಲ್ಲಿ ನಾನು ಓದದೆ ಬಿಟ್ಟ ಫಲಕ ಅದೊಂದೇ. ನನ್ನ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ವೇದಿಕೆಯ ಮೇಲೆ ನಿಂತ ಮೇಲೆ ನನ್ನ ಬಲಗಾಲಿನ ಹೆಬ್ಬೆರಳು ಸಭೆಯನ್ನು ಇಣುಕಿ ನೋಡುತ್ತಿರುವುದು ಗೊತ್ತಾಯಿತು. ಎಡಗಾಲನ್ನು ಅದರ ಮೇಲಿಟ್ಟು, ಕೊಕ್ಕರೆಯಂತೆ ನಲವತ್ತು ನಿಮಿಷ ಅನುವಾದಿಸಿದೆ. ಆಮೇಲೆ ಹೊರಗೆ ಬಂದರೆ ಮೇಜಿನ ಕೆಳಗೆ ಏನೂ ಇಲ್ಲ. ಒಣ ನೆಲದ ಮೇಲೆ ಹತ್ತು ಜೊತೆ ಒದ್ದೆ ಗುರುತು ಮಾತ್ರ.

ಸುಂದರಮ್ಮ ಆಂಟಿ ಫಲಕ ತೋರಿಸಿ, ಇದರಲ್ಲಿ ಏನು ಬರೆದಿದೆ ಬಾಬು, ಎಂದು ಬಹಳ ಮೃದುವಾಗಿ ಕೇಳಿದರು. ಓದಿದೆ. ಬಡವರಿಗೆ ದಾನ ಕೊಡುವ ಬಟ್ಟೆ, ಪಾದರಕ್ಷೆಗಳನ್ನು ಇಲ್ಲಿಡಿ, ಭಾನುವಾರ ವ್ಯಾನು ಬಂದು ಒಯ್ಯುತ್ತದೆ, ಎಂದಿತ್ತು. ವ್ಯಾನಿನವರು ಅಷ್ಟು ಶಿಸ್ತಾಗಿ ಜೋಡಿಸಿದ ದಾನವನ್ನು ಹಿಂದೆಂದೂ ಕಂಡಿರಲಿಕ್ಕಿಲ್ಲ.

ಚಹಾ ಕೂಟದಲ್ಲಿ ಎಲ್ಲರೂ ನಗುತ್ತಿದ್ದರು, ನಾನು ಮಾತ್ರ ಚಹಾ ಮುಟ್ಟದೆ ಮೂಲೆ ಹಿಡಿದು ಕೂತೆ. ಮಾರ್ಗರೆಟ್ ಕಾರಣ ಕೇಳಿದರು. ಹೇಳಿದೆ. ಗೌಂಡಿ ಅಪ್ಪ, ಬಿಸಿಲು, ಇಟ್ಟಿಗೆ, ಕೂಲಿಯಲ್ಲಿ ಉಳಿಸಿ ಮಗನಿಗೆ ಕೊಂಡು ತಂದ ಹೊಚ್ಚ ಹೊಸ ಬೂಟು. ಸುತ್ತ ಜನ ಸೇರಿದರು. ಯಾರೂ ತಡೆಯಲಿಲ್ಲವಾದ್ದರಿಂದ ಅಪ್ಪ ಎರಡು ದಿನ ಉಪವಾಸ ಇದ್ದದ್ದನ್ನೂ ಸೇರಿಸಿದೆ. ಮಾರ್ಗರೆಟ್ ಕಣ್ಣೊರೆಸಿಕೊಂಡು, ನಾಳೆ ಬೆಳಿಗ್ಗೆಯೇ ಹುಡುಕಿ ತರೋಣ ಎಂದರು.

ಸೋಮವಾರ ಪಕ್ಕದೂರಿನ ದಾನದಂಗಡಿಗೆ ಮಾರ್ಗರೆಟ್, ನಾನು, ಆಂಟಿ ಹೋದೆವು. ಎಂಟು ಜೊತೆ ಒರೆಸಿಕೊಂಡು ಕಪಾಟಿನಲ್ಲಿ ಕೂತಿದ್ದವು. ಆಂಟಿ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಚಪ್ಪಲಿಗೆ ಗಾಜಿನ ಕಿಟಕಿಯಲ್ಲೇ ಜಾಗ ಸಿಕ್ಕಿತ್ತು. ನನ್ನದು ಇರಲಿಲ್ಲ. ಹಿಂದಿನ ಕೋಣೆಯಿಂದ ಒಬ್ಬ ಹೆಂಗಸು ಒಂದು ಗೋಣಿಚೀಲ ಎಳೆದು ತಂದು, ಕಪ್ಪು ಜೊತೆಯೇ? ಅದು ಇದರಲ್ಲಿರಬಹುದು, ಯಾರಿಗೂ ಕೊಡಲು ಯೋಗ್ಯವಲ್ಲದ್ದನ್ನು ಇದರಲ್ಲಿ ಹಾಕುತ್ತೇವೆ, ಅಂದಳು. ಮಾರ್ಗರೆಟ್ ಚಾವಣಿ ನೋಡಿದರು.

"ಏಮಂಟುಂದಿ ಬಾಬು?" ಅವಳು ಏನನ್ನುತ್ತಾಳೆ ಎಂದು ಆಂಟಿ ಕೇಳಿದರು.

ಇವನ್ನು ಪ್ರತ್ಯೇಕವಾಗಿ ತೆಗೆದಿಟ್ಟಿದ್ದಾರಂತೆ ಎಂದು ಅನುವಾದಿಸಿದೆ.

ಬೂಟು ಸಿಕ್ಕಿತು. ಸಂತೋಷ ತಾಳದೆ ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದೆ. ನೀ ಕೊಡಿಸಿದ ಬೂಟನ್ನು ಇವರು ಕಸಕ್ಕೆ ಹಾಕಿದ್ದರಪ್ಪ, ನಾ ಬಿಡಲಿಲ್ಲ, ಎಂದೆ.

"ಅವು ಕೊಂಡವು ಅಲ್ಲೋ ತಮ್ಮಾ," ಅಪ್ಪ ಅಂದ. "ಮಿಶನ್ ದವಾಖಾನಿಗಿ ಪರದೇಶದಿಂದ ಹಳೀ ಬಟ್ಟಿ ಗಂಟು ಬರ್ತಿತ್ತಲ್ಲ, ಅದ್ರಾಗಿನವು. ದವಾಖಾನಿ ಗ್ವಾಡಿ ಕಟ್ಟಿಕೊಟ್ಟೆ ಅಂತ ಅಲ್ಲಿ ದೊಡ್ಡ ಡಾಕ್ಟರಮ್ಮನವರು ಕೊಟ್ರು. ಕೊಂಡೀನಿ ಅಂತ ನಾ ಯಾವಾಗ ಹೇಳೀನಿ? ನೀನೇ ಅಂದ್ಕೊಂಡಿ."

ಹೌದು, ಅವನು ಅಂದದ್ದು 'ತಗೋ' ಅಂತಷ್ಟೇ. ಇಪ್ಪತ್ತು ವರ್ಷ ನಾನು ಮೆರೆಸಿದ ಬೂಟು ಯಾವನೋ ಬಿಳಿ ದೊರೆ ಮೆಟ್ಟಿ ಬಿಟ್ಟದ್ದು. ತವರು ಹತ್ತಿರ ಬಂದಿತೆಂದು ತಾನಾಗಿಯೇ ವ್ಯಾನು ಹತ್ತಿತ್ತು. ತವರಿನವರು ಗುರುತು ಹಿಡಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಮಾರ್ಗರೆಟ್ ನನ್ನ ಕತೆಯನ್ನು ಅವರ ಸಭೆಯ ಮಾಸಪತ್ರಿಕೆಯಲ್ಲಿ ಬರೆದರು, ಉಪವಾಸದ ಸಮೇತ. ಬರುವ ಚಳಿಗಾಲಕ್ಕೆ ಅವರಲ್ಲಿ ಹನ್ನೆರಡು ಜನ ವಿಶಾಖಪಟ್ಟಣಕ್ಕೆ ಬರುತ್ತಿದ್ದಾರೆ. ಆ ತ್ಯಾಗಜೀವಿ ತಂದೆಯನ್ನು ಬೀದರಿನಿಂದ ಕರೆಸಿ ತೋರಿಸಲೇಬೇಕಂತೆ, ಅವನ ಬಾಯಿಂದಲೇ ನಾಲ್ಕು ಮಾತು ಕೇಳಬೇಕಂತೆ. ಸುಂದರಮ್ಮ ಆಂಟಿ ಸನ್ಮಾನದ ಶಾಲು ತಂದಿಟ್ಟಿದ್ದಾರೆ. ಬೂಟಿನ ಮಾತು ಎತ್ತಬೇಡ ಎಂದು ಅಪ್ಪನನ್ನು ಬೇಡಿಕೊಂಡೆ. "ಕೇಳ್ದಿದ್ರ ನಾ ಯಾಕ ಹೇಳ್ಲಿ? ಕೇಳಿದ್ರ ಖರೇನೇ ಹೇಳ್ತೀನಿ," ಅಂದ.

ಹೇಳಲಿ. ಅಪ್ಪನಿಗೆ ಬರುವುದು ಬೀದರಿನ ಕನ್ನಡ ಒಂದೇ, ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವನು ನಾನೇ ಎಂದು ಮೊದಮೊದಲು ಧೈರ್ಯವಾಗಿದ್ದೆ. ಆಮೇಲೆ ನೆನಪಾಯಿತು: ಅಂದು ಮುಂದಿನ ಸಾಲಿನಲ್ಲಿ, ಮಾರ್ಗರೆಟ್ ಪಕ್ಕದಲ್ಲೇ, ಸುಲೋಚನಾ ಕೂತಿರುತ್ತಾಳೆ. ಅವಳಿಗೆ ಎರಡೂ ಭಾಷೆ ಬರುತ್ತದೆ. ಸದ್ಯಕ್ಕೆ ನಾನು ಎರಡು ಜೊತೆ ಹೊಸ ಕಾಲ್ಚೀಲ ಕೊಂಡಿದ್ದೇನೆ. ಬಾಗಿಲಲ್ಲಿ ಬೂಟು ಬಿಚ್ಚಿ ನಿಂತಾಗ ಹೊರಗೆ ಕಾಣುವ ಹೆಬ್ಬೆರಳು, ಸುಳ್ಳು ಎರಡರಲ್ಲಿ ಒಂದನ್ನಾದರೂ ಮುಚ್ಚಿಕೊಳ್ಳಬಹುದಲ್ಲ.