ಇಪ್ಪತ್ತಾರನೇ ಪುಟ

ನನಗೆ ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡವೂ ಇಲ್ಲ. ಇರುವುದು ಒಂದೇ ರೋಗ. ಯಾರೋ ಏನನ್ನೋ ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ. ಅದು ಹತ್ತಿಕೊಂಡರೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಖಾನಾವಳಿಗೆ ಹೋದರೆ ಅಡುಗೆಮನೆಗೆ ಇಣುಕುತ್ತೇನೆ. ಬಸ್ಸು ಹತ್ತು ನಿಮಿಷ ತಡವಾದರೆ ಕಂಟ್ರೋಲರನ ಕಿಟಕಿಗೆ ಹೋಗಿ ಕಾರಣ ಕೇಳುತ್ತೇನೆ. ಹೆಂಡತಿ ಫೋನಿನಲ್ಲಿ ದನಿ ತಗ್ಗಿಸಿದಳೆಂದರೆ ನನಗೆ ತಟ್ಟನೆ ನೀರಡಿಕೆಯಾಗಿ ಅತ್ತ ಹೋಗಲೇಬೇಕಾಗುತ್ತದೆ. "ನಿಮ್ಮ ಸುದ್ದೀನ ಹೇಳಾಕ ಹತ್ತೇನಿ, ಇಲ್ಲೇ ಬಂದು ಕುಂತು ಕೇಳ್ರಿ," ಎನ್ನುತ್ತಾಳೆ ಅವಳು.

ಇಂಥವನು ನಮ್ಮ ಭಾಗದ ರೈತರು ಕೂಡಿ ಕಟ್ಟಿಕೊಂಡ ಎಣ್ಣೆ ಕಂಪನಿಯ ಷೇರುದಾರನಾದರೆ ಏನಾಗಬೇಕೋ ಅದೇ ಆಯಿತು. ಬೈಲಹೊಂಗಲದಲ್ಲಿ ನಡೆಯುವ ವಾರ್ಷಿಕ ಸಭೆಗೆ ಒಂದು ಪದ್ಧತಿ ಇದೆ. ಸೆಕ್ರೆಟರಿ ವಿಷಯ ಓದುತ್ತಾರೆ, ಸಭೆ ಒಂದೇ ದನಿಯಲ್ಲಿ "ಮಂಜೂರ್" ಎನ್ನುತ್ತದೆ. ಕೊನೆಯ ಮಂಜೂರಿನ ಹೊತ್ತಿಗೆ ಅರ್ಧ ಜನ ಗೋಧಿ ಹುಗ್ಗಿಯ ಪಂಕ್ತಿಯಲ್ಲಿರುತ್ತಾರೆ. ಮೂರು ವರ್ಷ ಆ ಹುಗ್ಗಿಗೆ ಅಡ್ಡ ನಿಂತವನು ನಾನು. ಕಂಪನಿ ನಮ್ಮದು, ನಮಗೇ ಏನೂ ಗೊತ್ತಾಗುವುದಿಲ್ಲ, ಪಾರದರ್ಶಕತೆ ಬೇಕು ಎಂದು ಗಂಟಲು ಹರಿಯುವಂತೆ ಕೂಗಿದೆ. ಹಸಿದವರು ನನ್ನನ್ನು ಬೈದದ್ದು ನ್ಯಾಯವಾಗಿಯೇ ಇತ್ತು.

ಈ ವರ್ಷ ಹೊಸ ಅಧ್ಯಕ್ಷರು ಬಂದರು. ಸಭೆಗೆ ಮೂರು ವಾರ ಮೊದಲೇ ದೊಡ್ಡ ಅಕ್ಷರದ ಕನ್ನಡ ವರದಿ ಮನೆಮನೆಗೆ ಬಂತು. ನಮ್ಮೂರು ನೇಸರಗಿಯ ಸದಸ್ಯರೊಬ್ಬರ ಒತ್ತಾಯದಿಂದ ಎಲ್ಲವನ್ನೂ ಬಿಚ್ಚಿಡುತ್ತಿದ್ದೇವೆ ಎಂಬ ಮಾತಿನ ಜೊತೆಗೆ ಮೊದಲ ಪುಟದಲ್ಲೇ ನನ್ನ ಹೆಸರು. ಆ ಪುಟವನ್ನು ಎಷ್ಟು ಸಲ ಓದಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಚಹಾದಂಗಡಿ, ಕ್ಷೌರದಂಗಡಿ, ಸಂತೆ ಎಲ್ಲಾ ಸುತ್ತಿದೆ. ಓದಿದಿರಾ ಎಂದವರಿಗೆಲ್ಲ ಒಂದಕ್ಷರ ಬಿಡದೆ ಓದಿದ್ದೇನೆ ಎಂದೆ. ಎರಡನೇ ಪುಟ ತಿರುವಲು ಮಾತ್ರ ಪುರುಸೊತ್ತಾಗಲಿಲ್ಲ.

ಸಭೆಯ ದಿನ ಬೆಳಿಗ್ಗೆ ನೀಲವ್ವ ಬಂದಳು. ನಮ್ಮೂರಿನ ಕಂಪನಿ ಗಾಣದಲ್ಲಿ ಕುಸುಬಿ ಎಣ್ಣೆ ತೆಗೆಯುವವಳು. ಅವಳಿಗೆ ಷೇರಿಲ್ಲ, ಓದಲು ಬಾರದು, ಮನೆ ನಡೆಯುವುದು ಆ ಗಾಣದ ದುಡಿಮೆಯಿಂದ. ಗಾಣವನ್ನು ರಾಮದುರ್ಗದ ಕಡೆಯ ಕಟಕೋಳಕ್ಕೆ ಒಯ್ಯುತ್ತಾರೆಂಬ ಗುಸುಗುಸು ಅವಳ ನಿದ್ದೆ ಕೆಡಿಸಿತ್ತು. "ಅಷ್ಟ ದೂರ ದಿನಾ ಹೋಗಾಕ ನನಗ ಆಗೂದಿಲ್ರಿ. ನೀವ ಒಂದ ಮಾತ ಕೇಳ್ರಿ," ಎಂದಳು. ಅಂಥದ್ದೇನಾದರೂ ಇದ್ದರೆ ನನ್ನ ಕಣ್ಣು ತಪ್ಪಿಸಿ ಹೋಗುತ್ತದೆಯೇ ಎಂದು ಧೈರ್ಯ ಹೇಳಿ ಬಸ್ಸು ಹತ್ತಿದೆ.

ಸಭೆಯಲ್ಲಿ ಏಳನೇ ವಿಷಯಕ್ಕೆ ಬಂದಾಗ ಸೆಕ್ರೆಟರಿ, ಇಪ್ಪತ್ತಾರನೇ ಪುಟದಲ್ಲಿ ವಿವರಿಸಿದಂತೆ ಎಂದಷ್ಟೇ ಓದಿದರು. ನನ್ನ ಕೈ ವರದಿಯ ಮೇಲೆ ಹೋಯಿತು. ಆದರೆ ಅಕ್ಕಪಕ್ಕದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಪೂರ್ತಿ ಓದಿದವನು ಈಗ ಪುಟ ಹುಡುಕಿದರೆ ಮರ್ಯಾದೆ ಏನಾಗಬೇಕು? ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ "ಮಂಜೂರ್" ಎಂದೆ. ಇವನೇ ಒಪ್ಪಿದ ಮೇಲೆ ನಮ್ಮದೇನು ಎಂದು ಸಭೆಯೂ ಎಂದಿತು.

ಕೊನೆಯಲ್ಲಿ ಎದ್ದು ನಿಂತು, ನೇಸರಗಿ ಗಾಣದ ವಿಷಯವನ್ನು ಯಾಕೆ ಮುಚ್ಚಿಟ್ಟಿದ್ದೀರಿ ಎಂದು ಗುಡುಗಿದೆ. ಅಧ್ಯಕ್ಷರು ಗಾಬರಿಯಾಗಿ, "ಮುಚ್ಚಿಟ್ಟಿಲ್ರಿ. ಕಟಕೋಳಕ್ಕ ಒಯ್ಯಾಕ ಈಗ ತಾವ ಮಂಜೂರ್ ಅಂದ್ರಲ್ಲ," ಎಂದರು. ನನ್ನ ಮಂಜೂರ್ ವಾಪಸ್ ಕೊಡಿ ಎನ್ನುವಷ್ಟರಲ್ಲಿ ಸಭೆ ಹುಗ್ಗಿಯ ಕಡೆ ಎದ್ದಿತ್ತು.

ನೇಸರಗಿಯಲ್ಲಿ ಇಳಿದಾಗ ನೀಲವ್ವ ನಿಲ್ದಾಣದಲ್ಲೇ ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಇರ್ಲಿ ಬಿಡ್ರಿ, ನೀವರ ಏನ ಮಾಡ್ತೀರಿ. ಅದರಾಗ ಏನ ಬರದಾರ, ಓದಿ ಹೇಳ್ರಿ," ಎಂದು ಕಲ್ಲುಬೆಂಚಿನ ಮೇಲೆ ಕೂತಳು. ನಾನು ನಿಂತುಕೊಂಡೇ ಮೊದಲ ಸಲ ಇಪ್ಪತ್ತಾರನೇ ಪುಟ ತೆರೆದೆ. ಗಾಣ ಯಾವಾಗ ಹೋಗುತ್ತದೆ, ಯಾಕೆ ಹೋಗುತ್ತದೆ, ಎಲ್ಲವೂ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಒಂದೊಂದೇ ಸಾಲು ಓದಿ ಹೇಳುತ್ತಾ ಹೋದೆ. ಕೆಳಗೆ ಕೊನೆಯಲ್ಲಿ ಒಂದು ಸಾಲಿತ್ತು: ಸಭೆಯಲ್ಲಿ ಒಬ್ಬನೇ ಒಬ್ಬ ಸದಸ್ಯ ಈ ಸ್ಥಳಾಂತರ ಬೇಡವೆಂದರೂ ಸಾಕು, ಗಾಣವನ್ನು ಇನ್ನೊಂದು ವರ್ಷ ನೇಸರಗಿಯಲ್ಲೇ ಉಳಿಸಲಾಗುವುದು.

"ಮುಗೀತೇನ್ರಿ?" ಎಂದಳು ನೀಲವ್ವ.

ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು, ಮುಗಿಯಿತು ಎಂದು ಹೇಳಿ ವರದಿ ಮುಚ್ಚಿದೆ.